ಹಳೆ ಕಿಟ್‌ಕ್ಯಾಟ್ ಬೋರ್ಡ್ ತೆಗೆದು ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಹಾಕಿಸಬೇಕು. ಬರೀ ಡಬ್ಬಿ ಬದಲಿಸಿದರೆ ಸಾಕಾ?

ಹೆಂಚಿನಮನೆ · ಮಾರ್ಚ್ 8

ಎಲ್ಲರಿಗೂ ನಮಸ್ಕಾರ. ಸಾಗರದಿಂದ ಸ್ವಲ್ಪ ಒಳಗೆ ನಮ್ಮ ಹಳೆ ಮನೆ. ಅಪ್ಪಯ್ಯ, ಅಮ್ಮ ಇಬ್ಬರೇ ಇರುವುದು, ನಾನು ಬೆಂಗಳೂರಿನಲ್ಲಿ. ಮನೆಗೆ ಕರೆಂಟು ಬಂದಿದ್ದು 1984ರಲ್ಲಿ. ಆಗ ಮಾಡಿಸಿದ ವೈರಿಂಗೇ ಇವತ್ತಿಗೂ ಇದೆ. ಜಗಲಿ ಗೋಡೆಗೆ ಮರದ ಹಲಗೆ, ಅದರ ಮೇಲೆ ಕಬ್ಬಿಣದ ಮೇನ್ ಸ್ವಿಚ್, ಪಕ್ಕದಲ್ಲಿ ಬಿಳಿ ಪಿಂಗಾಣಿಯ ಐದು ಕಿಟ್‌ಕ್ಯಾಟ್ ಫ್ಯೂಸು.

ಆಗ ಇದ್ದಿದ್ದು ಎಂಟು ಬಲ್ಬು, ಒಂದು ರೇಡಿಯೋ. ಈಗ ಫ್ರಿಡ್ಜ್, ಮಿಕ್ಸಿ, ಗ್ರೈಂಡರ್, ಇಸ್ತ್ರಿಪೆಟ್ಟಿಗೆ, ಬಾವಿಗೆ ಒಂದು ಎಚ್‌ಪಿ ಪಂಪು. ಅಮ್ಮನಿಗೆ ಮಂಡಿನೋವು ಜಾಸ್ತಿಯಾಗಿ ಬಚ್ಚಲ ಒಲೆಗೆ ಬಗ್ಗಿ ಬೆಂಕಿ ಹಾಕಲು ಆಗುತ್ತಿಲ್ಲ ಅಂತ ಹೋದ ವರ್ಷ 2 ಕಿಲೋವ್ಯಾಟ್ ಗೀಸರ್ ಹಾಕಿಸಿದೆ. ದೀಪಾವಳಿಗೆ 2000 ವ್ಯಾಟ್ ಇಂಡಕ್ಷನ್ ಒಲೆ ತಂದುಕೊಟ್ಟೆ. ಅಲ್ಲಿಂದ ಶುರು, ಎರಡು ದಿನಕ್ಕೊಮ್ಮೆ ಫ್ಯೂಸು ಹೋಗುತ್ತದೆ.

ಹೋದ ವಾರ ಊರಲ್ಲಿದ್ದೆ. ಅಪ್ಪಯ್ಯ ಕಿಟ್‌ಕ್ಯಾಟ್ ಕಿತ್ತು ತಂದಾಗ ನೋಡಿದೆ, ಅದರಲ್ಲಿ ಫ್ಯೂಸ್ ತಂತಿಯೇ ಇಲ್ಲ. ಹಳೆ ವೈರಿನಿಂದ ಬಿಡಿಸಿದ ತಾಮ್ರದ ಎಳೆ, ಮೂರು ಸುತ್ತು. ಪಿಂಗಾಣಿ ಒಳಗೆಲ್ಲ ಕಪ್ಪು ಹಿಡಿದಿದೆ. ಕೈಯಲ್ಲಿ ಹಿಡಿದರೆ ಇನ್ನೂ ಬಿಸಿ. ಯಾಕೆ ಹೀಗೆ ಅಂದರೆ "ಫ್ಯೂಸ್ ವೈರು ದಿನಾ ಹೋಗ್ತು ಕೂಸೇ, ಇದು ನಿಲ್ತು" ಅಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹಲಗೆಯ ನೇರ ಮೇಲೆ ಅಟ್ಟ. ಅಟ್ಟದ ತುಂಬಾ ಒಣ ಅಡಿಕೆ ಹಾಳೆ, ಸೌದೆ.

ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಬಂದು ನೋಡಿದರು. "ಕಿಟ್‌ಕ್ಯಾಟ್ ತೆಗೆದು 8 ವೇ ಡಿಬಿ (ಎಂಟು ಎಂಸಿಬಿಗೆ ಜಾಗ ಇರುವ ಡಬ್ಬಿ) ಕೂರಿಸಿ, ಎಲ್ಲದಕ್ಕೂ 32 ಆಂಪ್ ಎಂಸಿಬಿ ಹಾಕಿದರೆ ಅರ್ಧ ದಿನದ ಕೆಲಸ. ಮತ್ತೆ ಟ್ರಿಪ್ ಆಗಲ್ಲ" ಅಂದರು. ಅಷ್ಟು ಸಾಕಾ? ಗೊತ್ತಿದ್ದವರು ಹೇಳಿ.

ಟೆಸ್ಟರ್ · ಮಾರ್ಚ್ 8

ಅಕ್ಕಾರೇ, ನಾನು ಹುಬ್ಬಳ್ಳಿಯವನು. 22 ವರ್ಷದಿಂದ ಇದೇ ಕೆಲಸ, ಲೈಸೆನ್ಸ್ ಇದೆ. ಮೊದಲ ಮಾತು, ಆ 32 ಆಂಪ್ ಎಂಸಿಬಿ ಹಾಕಿಸಬೇಡಿ. ಅಪ್ಪಾವರು ತಾಮ್ರದ ಎಳೆ ಸುತ್ತಿದ್ದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ನೋಡಲು ಹೊಸದಾಗಿ ಕಾಣುತ್ತದೆ, ಅಷ್ಟೇ.

ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಗೀಸರನ್ನೂ ಅಲ್ಲ, ಮನುಷ್ಯರನ್ನೂ ಅಲ್ಲ. ಅದಕ್ಕೇ ಎಂಸಿಬಿ ಎಷ್ಟು ಆಂಪಿನದು ಅನ್ನುವುದನ್ನು ವೈರಿನ ದಪ್ಪ ನೋಡಿ ತೀರ್ಮಾನ ಮಾಡಬೇಕು. ತಾಮ್ರದ 1.5 ಚದರ ಮಿಲಿಮೀಟರ್ ವೈರಿಗೆ 6 ಅಥವಾ 10 ಆಂಪ್. 2.5ಕ್ಕೆ 16. 4ಕ್ಕೆ 20, ತೀರಾ ಅಂದರೆ 25. 6ಕ್ಕೆ 32. ಟ್ರಿಪ್ ಆಗುತ್ತದೆ ಅಂತ ಎಂಸಿಬಿ ದೊಡ್ಡದು ಮಾಡುವುದು, ಜ್ವರ ತೋರಿಸುತ್ತದೆ ಅಂತ ಥರ್ಮಾಮೀಟರ್ ಒಡೆದ ಹಾಗೆ.

ಇನ್ನೊಂದು ಲೆಕ್ಕ ಕೇಳಿ. 32 ಆಂಪ್ ಅಂತ ಬರೆದ ಎಂಸಿಬಿ 33ಕ್ಕೆ ಬೀಳುವುದಿಲ್ಲ. ಎಂಸಿಬಿಗಳ ಮಾನದಂಡ ಐಎಸ್/ಐಇಸಿ 60898ರ ಪ್ರಕಾರ ಬರೆದಿದ್ದರ 1.13 ಪಟ್ಟು, ಅಂದರೆ 36 ಆಂಪನ್ನು ಅದು ಒಂದು ಗಂಟೆ ತಡೆದುಕೊಳ್ಳಬೇಕು. 1.45 ಪಟ್ಟು, ಅಂದರೆ 46 ಆಂಪ್ ಆದಾಗ ಒಂದು ಗಂಟೆಯೊಳಗೆ ಬೀಳಬೇಕು. 1984ರ ನಿಮ್ಮ ವೈರು ಬಹುಶಃ ಅಲ್ಯೂಮಿನಿಯಂ. ಎಂಟು ಬಲ್ಬಿಗೆ ಅಂತ ಎಳೆದದ್ದು. ಅದರಲ್ಲಿ ಒಂದು ಗಂಟೆ 36 ಆಂಪ್ ಹರಿದರೆ ಏನಾಗುತ್ತದೆ ಅಂತ ಯೋಚನೆ ಮಾಡಿ. ಕರೆಂಟು ಎರಡು ಪಟ್ಟಾದರೆ ವೈರಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು.

ನನಗೆ ನಾಲ್ಕು ವಿಷಯ ತಿಳಿಸಿ. ವೈರು ತಾಮ್ರವಾ, ಅಲ್ಯೂಮಿನಿಯಮ್ಮಾ? ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ಇದೆಯಾ, ಎಲ್ಲಿದೆ? ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್? ಬೆಳಿಗ್ಗೆ ಒಟ್ಟಿಗೆ ಏನೇನು ಓಡುತ್ತದೆ? ನೀವೇ ಬಿಚ್ಚಲು ಹೋಗಬೇಡಿ. ಲೈಸೆನ್ಸ್ ಇರುವವರನ್ನು ಕರೆದು, ಅವರು ಬಿಚ್ಚಿದಾಗ ಫೋಟೋ ತೆಗೆಯಿರಿ. ಅಲ್ಲಿಯವರೆಗೆ ಗೀಸರ್ ಮತ್ತು ಇಂಡಕ್ಷನ್ ಒಟ್ಟಿಗೆ ಹಾಕುವುದು ಬೇಡ. ಕಿಟ್‌ಕ್ಯಾಟಿಗೆ ಸರಿಯಾದ ಫ್ಯೂಸ್ ತಂತಿ ಇವತ್ತೇ ಹಾಕಿಸಿ. ದಿನಾ ಹೋದರೆ ಹೋಗಲಿ.

ಬಾಡಿಗೆಮನೆ · ಮಾರ್ಚ್ 9

ಟೆಸ್ಟರ್ ಸರ್ ಹೇಳಿದ್ದು ಸರಿ. ಆದರೆ ಎಲ್ಲರ ಹತ್ತಿರವೂ ಒಂದೇ ಸಲಕ್ಕೆ ಇಡೀ ಮನೆ ವೈರಿಂಗ್ ಮಾಡಿಸುವಷ್ಟು ದುಡ್ಡು ಇರುವುದಿಲ್ಲ ಅಲ್ವಾ? ಮೈಸೂರಿನ ನಮ್ಮ ಅತ್ತೆ ಮನೆಯಲ್ಲಿ ಮೊದಲು ಡಿಬಿ ಹಾಕಿಸಿದೆವು, ಎರಡು ವರ್ಷ ಬಿಟ್ಟು ವೈರಿಂಗ್. ಕಿಟ್‌ಕ್ಯಾಟಿಗಿಂತ ಎಂಸಿಬಿ ಮೇಲಲ್ವಾ?

ಟೆಸ್ಟರ್ · ಮಾರ್ಚ್ 9

ಖಂಡಿತ ಮಾಡಬಹುದು. ಒಂದೇ ಷರತ್ತು. ಹಳೆ ವೈರು ಎಷ್ಟು ತಡೆಯುತ್ತದೋ ಅಷ್ಟೇ ಆಂಪಿನ ಎಂಸಿಬಿ ಹಾಕಬೇಕು. ದೀಪದ ಹಳೆ ಲೈನಿಗೆ 6 ಆಂಪ್ ಹಾಕಿ. ಅದರ ಮೇಲೆ ಗೀಸರ್ ಓಡಿಸಿದರೆ ಬಿದ್ದೇ ಬೀಳುತ್ತದೆ, ಬೀಳಲಿ. ಗೀಸರಿಗೆ ಡಿಬಿಯಿಂದ ಬೇರೆಯೇ ಹೊಸ ತಾಮ್ರದ ಲೈನು ಎಳೆಯಿರಿ. ದುಡ್ಡು ಕಡಿಮೆ ಇದ್ದವರಿಗೆ ನಾನು ಹೇಳುವ ದಾರಿ ಇದೇ. ದೊಡ್ಡ ಲೋಡುಗಳಿಗೆ ಮೊದಲು ಹೊಸ ವೈರು, ದೀಪ ಫ್ಯಾನಿನ ಲೈನು ಆಮೇಲೆ.

ಕಂಪನಿಲೈನ್ · ಮಾರ್ಚ್ 9

ವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಕಾಗದದ ವಿಷಯ ಹೇಳುತ್ತೇನೆ, ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ.

ಮೀಟರು, ಅದರ ಹಿಂದಿನ ಕಟೌಟು (ಕಂಪನಿಯ ಫ್ಯೂಸು), ಕಂಬದಿಂದ ಬರುವ ಸರ್ವಿಸ್ ವೈರು, ಇವು ಯಾವುದನ್ನೂ ಖಾಸಗಿ ಎಲೆಕ್ಟ್ರಿಷಿಯನ್ ಮುಟ್ಟಬಾರದು. ಸೀಲ್ ಒಡೆಯಬಾರದು. ಮೇನ್ ಸ್ವಿಚ್ ಇಳಿಸಿದ ಮೇಲೂ ಅದರ ಮೇಲಿನ ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಮೇನ್ ಸ್ವಿಚ್ಚನ್ನೇ ಬದಲಿಸಬೇಕಾದರೆ ಸೆಕ್ಷನ್ ಆಫೀಸಿಗೆ ಹೇಳಿ, ಲೈನ್‌ಮನ್ ಬಂದು ಸಪ್ಲೈ ತೆಗೆದ ಮೇಲೆಯೇ ಕೆಲಸ. ದೂರು ಇದ್ದರೆ 1912ಕ್ಕೆ ಫೋನ್ ಮಾಡಿ.

ಶಿವಮೊಗ್ಗ ಜಿಲ್ಲೆ ಮೆಸ್ಕಾಂ ವ್ಯಾಪ್ತಿಗೆ ಬರುತ್ತದೆ. ಲೋಡ್ ಜಾಸ್ತಿ ಮಾಡಿಸಲು ನಿಮ್ಮ ಬಿಲ್ಲಿನಲ್ಲಿರುವ ಆರ್‌ಆರ್ ನಂಬರ್ ಹಾಕಿ, ಲೈಸೆನ್ಸ್ ಇರುವ ಕಂಟ್ರಾಕ್ಟರ್ ಮೂಲಕ ಅರ್ಜಿ ಕೊಡಬೇಕು. ಠೇವಣಿಯ ವ್ಯತ್ಯಾಸ ಕಟ್ಟಬೇಕು. ನಿಗದಿತ ಶುಲ್ಕ ಮಂಜೂರಾದ ಲೋಡಿನ ಮೇಲೆ ಕಿಲೋವ್ಯಾಟ್ ಲೆಕ್ಕದಲ್ಲಿ ಬರುತ್ತದೆ, ಅದು ಸ್ವಲ್ಪ ಏರುತ್ತದೆ. ಆ ದುಡ್ಡು ಉಳಿಸಲು ಹೋಗಬೇಡಿ. ನೀವು ಎಷ್ಟು ಎಳೆಯುತ್ತೀರಿ ಅಂತ ಕಂಪನಿಗೆ ಗೊತ್ತಿದ್ದರೆ ತಾನೇ ಟ್ರಾನ್ಸ್‌ಫಾರ್ಮರ್ ಲೆಕ್ಕ ಸರಿ ಇರುವುದು? ಸಂಜೆ ವೋಲ್ಟೇಜ್ ಕುಸಿದು ಇಡೀ ಕೇರಿ ಒದ್ದಾಡುವುದು ಇಂಥ ಕಡೆಯೇ.

ಅಡಿಕೆಸುಲಿ · ಮಾರ್ಚ್ 9

ಲೋಡ್ ಜಾಸ್ತಿ ಮಾಡಿಸಿದರೆ ಗೃಹಜ್ಯೋತಿ ಹೋಗುತ್ತದಾ ಸರ್? ನಮ್ಮ ಊರಲ್ಲಿ ಆ ಭಯಕ್ಕೇ ಯಾರೂ ಮಾಡಿಸುತ್ತಿಲ್ಲ.

ಕಂಪನಿಲೈನ್ · ಮಾರ್ಚ್ 9

2023ರಲ್ಲಿ ಶುರುವಾದ ಆ ಯೋಜನೆಯ ಲೆಕ್ಕ ಯೂನಿಟ್‌ನದು. 2022-23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಒಟ್ಟು 200 ಯೂನಿಟ್ ದಾಟಬಾರದು. ನಿಮಗೆ ಬಿಲ್ ಬರುವಂತೆ ಮಾಡುವುದು ಗೀಸರ್ ಎಳೆಯುವ ಯೂನಿಟ್ಟು. ಸೆಕ್ಷನ್ ಆಫೀಸಿನಲ್ಲಿ ಒಮ್ಮೆ ಬಾಯಿಬಿಟ್ಟು ಕೇಳಿ, ಭಯದಲ್ಲಿ ಕೂರಬೇಡಿ.

ಹೆಂಚಿನಮನೆ · ಮಾರ್ಚ್ 23

ಯುಗಾದಿಗೆ ಮೊದಲೇ ರಜೆ ಹಾಕಿ ಊರಿಗೆ ಬಂದೆ. ಲೈಸೆನ್ಸ್ ಇರುವ ಕಂಟ್ರಾಕ್ಟರ್ ಒಬ್ಬರು ಸಿಕ್ಕಿದರು. ಲೈನ್‌ಮನ್ ಬಂದು ಸಪ್ಲೈ ತೆಗೆದ ಮೇಲೆ ಹಲಗೆ ಬಿಚ್ಚಿದರು. ನೋಡಿದ್ದನ್ನು ಹಾಗೇ ಬರೆಯುತ್ತೇನೆ.

ಹಲಗೆಯ ಹಿಂದೆ ಗೆದ್ದಲು ಮಣ್ಣು. ಅದರ ನಡುವೆ ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ) ವೈರುಗಳೆಲ್ಲ ಒಂದು ಕಡೆ ಸೇರಿಸಿ ತಿರುಚಿದ ಗಂಟು, ಮೇಲೆ ಬಟ್ಟೆ ಟೇಪು. ಅವರು ಬೆರಳಲ್ಲಿ ಮುಟ್ಟಿದ್ದಷ್ಟೇ, ವೈರಿನ ಮೇಲಿನ ಪ್ಲಾಸ್ಟಿಕ್ ಹಳೆ ಬಿಸ್ಕೆಟ್ ಥರ ಪುಡಿಯಾಗಿ ಉದುರಿತು. ಒಳಗೆ ಬರಿ ಅಲ್ಯೂಮಿನಿಯಂ. ಗಂಟಿನ ಹಿಂದಿನ ಮರ ಅಂಗೈಯಗಲ ಸುಟ್ಟು ಕಪ್ಪಾಗಿದೆ. ಎಷ್ಟು ವರ್ಷದಿಂದ ಹಾಗೆ ಸುಡುತ್ತಿತ್ತೋ. ಅಮ್ಮ ಆ ಹಲಗೆಗೇ ಕ್ಯಾಲೆಂಡರ್ ನೇತುಹಾಕುತ್ತಿದ್ದರು.

ಹಲಗೆ ಬಿಚ್ಚುವ ಮೊದಲು, ಕರೆಂಟು ಇರುವಾಗಲೇ, ಬೆಳಿಗ್ಗೆ ಗೀಸರ್, ಇಂಡಕ್ಷನ್, ಪಂಪು ಮೂರನ್ನೂ ಒಂದೇ ಒಂದು ನಿಮಿಷ ಓಡಿಸಿ, ಕರೆಂಟು ಅಳೆಯುವ ಕ್ಲಾಂಪ್ ಮೀಟರ್ ಹಿಡಿದರು. 22 ಆಂಪ್ ಚಿಲ್ಲರೆ. ಬಿಲ್ಲಿನಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್!

ಅರ್ತ್ ಬಗ್ಗೆ ಕೇಳಿದ್ದಿರಿ. ಬಚ್ಚಲ ಹಿಂದೆ ಒಂದು ಪೈಪು ಹುಗಿದಿದ್ದಾರೆ, ಅದರ ತಂತಿ ತುಕ್ಕು ಹಿಡಿದು ಕೂದಲಿನಷ್ಟು ಉಳಿದಿದೆ. ಅರ್ತ್ ಮೆಗ್ಗರ್ (ಅರ್ತಿನ ತಡೆ ಅಳೆಯುವ ಮೀಟರ್) ಹಾಕಿದರೆ 38 ಓಮ್. ಕಂಟ್ರಾಕ್ಟರ್ ಮುಖ ಸಪ್ಪಗೆ ಮಾಡಿದರು. 38 ಅಂದರೆ ಕೆಟ್ಟದ್ದಾ?

ಟೆಸ್ಟರ್ · ಮಾರ್ಚ್ 23

ಆ ಗಂಟು ಬಿಚ್ಚಿಸಿದಿರಲ್ಲ ಅಕ್ಕಾರೇ, ಓದಿ ನನಗೇ ಸಮಾಧಾನ ಆಯಿತು. ಅಲ್ಯೂಮಿನಿಯಂ ಕಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ದಿನಾ ಹೀಗಾಗಿ ಜಾಯಿಂಟು ಸಡಿಲ ಆಗುತ್ತದೆ. ಸಡಿಲ ಆದಷ್ಟೂ ಬಿಸಿ. ಇಲ್ಲಿ ಇನ್ನೊಂದು ಅಪಾಯ ಇದೆ, ಸಡಿಲ ಜಾಯಿಂಟಿನ ಬಿಸಿಯನ್ನು ಫ್ಯೂಸೂ ನೋಡುವುದಿಲ್ಲ, ಎಂಸಿಬಿಯೂ ನೋಡುವುದಿಲ್ಲ. ಹರಿಯುವ ಕರೆಂಟು ಜಾಸ್ತಿ ಆದರೆ ಮಾತ್ರ ಅವಕ್ಕೆ ಗೊತ್ತಾಗುವುದು. ಬರೀ ಡಬ್ಬಿ ಬದಲಿಸಿ ಹೋಗಿದ್ದರೆ ಆ ಗಂಟು ಹೊಸ ಡಬ್ಬಿಯ ಹಿಂದೆ ಹಾಗೇ ಸುಡುತ್ತಿತ್ತು.

ಈಗ 38 ಓಮ್. ಗೀಸರಿನ ಎಲಿಮೆಂಟ್ ಒಡೆದು ಫೇಸ್ (ಕರೆಂಟು ಬರುವ ವೈರು) ಅದರ ಮೈಗೆ ತಾಗಿತು ಅಂತಿಟ್ಟುಕೊಳ್ಳಿ. ಅರ್ತ್ ಮೂಲಕ ಹರಿಯುವುದು 230 ಭಾಗಿಸು 38, ಅಂದರೆ 6 ಆಂಪ್. ಗೀಸರಿಗೆ ಹಾಕುವುದು 16 ಆಂಪ್ ಎಂಸಿಬಿ. 6 ಆಂಪ್‌ಗೆ ಅದು ಯಾಕೆ ಬೀಳುತ್ತದೆ? ಬೀಳುವುದೇ ಇಲ್ಲ. ಗೀಸರಿನ ಮೈ, ನಲ್ಲಿ, ಬಚ್ಚಲ ನೀರು, ಎಲ್ಲದರಲ್ಲೂ ಕರೆಂಟು ಹಾಗೇ ನಿಂತಿರುತ್ತದೆ. "ಎಂಸಿಬಿ ಹಾಕಿಸಿದ್ದೇವೆ, ಇನ್ನೇನು ಭಯ" ಅನ್ನುವ ಮನೆಗಳಲ್ಲೇ ಜನ ಶಾಕ್ ಹೊಡೆಸಿಕೊಳ್ಳುವುದು ಇದಕ್ಕೇ.

ಅಲ್ಲಿ ಬೇಕಾಗಿರುವುದು ಆರ್‌ಸಿಸಿಬಿ. ಹೋದ ಕರೆಂಟು, ಬಂದ ಕರೆಂಟು ಸಮ ಇದೆಯಾ ಅಂತ ಅದು ನೋಡುತ್ತಿರುತ್ತದೆ. 30 ಮಿಲಿಆಂಪ್‌ನಷ್ಟು ಬೇರೆ ದಾರಿಯಲ್ಲಿ ಸೋರಿದರೆ 0.3 ಸೆಕೆಂಡಿನೊಳಗೆ ಲೈನು ಕಡಿಯುತ್ತದೆ. 30 ಮಿಲಿಆಂಪ್ ಅಂದರೆ 7 ವ್ಯಾಟ್ ಬಲ್ಬು ಎಳೆಯುವಷ್ಟು ಕರೆಂಟು, ಅಷ್ಟೇ. ಆದರೆ ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಶಾರ್ಟ್ ನೋಡುವುದಿಲ್ಲ. ಒಂದು ಕೈ ಫೇಸಿಗೆ, ಇನ್ನೊಂದು ಕೈ ನ್ಯೂಟ್ರಲಿಗೆ ಕೊಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಎಂಸಿಬಿ, ಆರ್‌ಸಿಸಿಬಿ, ಅರ್ತ್ ಮೂರೂ ಬೇಕು.

ಅರ್ತ್ ಗುಂಡಿ ಹೊಸದಾಗಿ ತೋಡಿಸಿ. ನಿಮ್ಮ ಕಡೆ ಜಂಬಿಟ್ಟಿಗೆ ನೆಲ, ಬೇಸಿಗೆಯಲ್ಲಿ ಒಣಗಿ ಕಲ್ಲಾಗುತ್ತದೆ. ಯಾವಾಗಲೂ ಸ್ವಲ್ಪ ತೇವ ಇರುವ ಜಾಗ ನೋಡಿ.

ಘಟ್ಟದಕೆಳಗೆ · ಮಾರ್ಚ್ 24

ಕುಂದಾಪುರದಿಂದ. ಆರ್‌ಸಿಸಿಬಿ ದೊಡ್ಡ ತಲೆನೋವು ಮಾರಾಯ್ರೇ. ನಮ್ಮ ಮನೆಯಲ್ಲಿ ಹಾಕಿಸಿ ಒಂದು ತಿಂಗಳು ಸಾಕಾಗಿಹೋಯಿತು. ಕರೆಂಟು ಹೋಗಿ ಇನ್ವರ್ಟರ್ ಶುರುವಾದಾಗೆಲ್ಲ ಟ್ರಿಪ್. ಕಡೆಗೆ ಎಲೆಕ್ಟ್ರಿಷಿಯನ್ ಅದನ್ನು ಬೈಪಾಸ್ ಮಾಡಿಕೊಟ್ಟ. ಈಗ ಆರಾಮ.

ಟೆಸ್ಟರ್ · ಮಾರ್ಚ್ 24

ಅಣ್ಣಾ, ಕೈ ಮುಗಿದು ಕೇಳುತ್ತೇನೆ, ಆ ಬೈಪಾಸ್ ತೆಗೆಸಿ. ತಪ್ಪು ಆರ್‌ಸಿಸಿಬಿಯದ್ದಲ್ಲ, ನ್ಯೂಟ್ರಲಿನದ್ದು. ಇನ್ವರ್ಟರ್ ಹಾಕುವಾಗ ಫೇಸ್ ಮಾತ್ರ ಬೇರೆ ಮಾಡಿ, ನ್ಯೂಟ್ರಲ್ ಹಳೆಯದಕ್ಕೇ ಸೇರಿಸಿರುತ್ತಾರೆ. ಹಾಗಾದರೆ ಕರೆಂಟು ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ವಾಪಸ್ ಬರುತ್ತದೆ. ಆರ್‌ಸಿಸಿಬಿ ಲೆಕ್ಕಕ್ಕೆ ಅದು ಸೋರಿಕೆಯೇ. ಇನ್ವರ್ಟರ್ ಲೈನಿನ ನ್ಯೂಟ್ರಲ್‌ಗಳನ್ನೆಲ್ಲ ಹುಡುಕಿ ಬೇರೆ ಲಿಂಕಿಗೆ (ನ್ಯೂಟ್ರಲ್ ಪಟ್ಟಿಗೆ) ಕಟ್ಟಿಸಿ. ಒಂದು ದಿನದ ಕೆಲಸ. ಮನೆಯಲ್ಲಿ ಮಕ್ಕಳಿದ್ದಾರಾ?

ಘಟ್ಟದಕೆಳಗೆ · ಮಾರ್ಚ್ 24

ಇಬ್ಬರಿದ್ದಾರೆ. ಆಯಿತು, ನಾಳೆಯೇ ಕರೆಸುತ್ತೇನೆ.

ಜರ್ಸಿಕನ್ನಡ · ಮಾರ್ಚ್ 25

ನ್ಯೂಜೆರ್ಸಿಯಲ್ಲಿದ್ದೇನೆ. ಇಲ್ಲಿ ನಾವು ಮನೆಯ ಪ್ಯಾನೆಲ್ಲನ್ನು 100 ಆಂಪಿನಿಂದ 200 ಆಂಪಿಗೆ ಏರಿಸಿದ್ದು ಕಾರ್ ಚಾರ್ಜರಿಗಾಗಿ. ಊರಲ್ಲಿ ಯಾರೋ ಇಲ್ಲಿನ ವೀಡಿಯೋ ನೋಡಿ ಹಾಗೇ ಮಾಡಲು ಹೊರಟಿದ್ದು ಗೊತ್ತಾಗಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಗಮನಿಸಿ.

ಇಲ್ಲಿ ಮನೆಗೆ 120 ವೋಲ್ಟಿನ ಎರಡು ಲೈನು ಬರುತ್ತದೆ. ಎರಡೂ ಸೇರಿದರೆ 240. ಅಲ್ಲಿ ಒಂದೇ ಫೇಸಿನಲ್ಲಿ 230. ಅದಕ್ಕೇ ಇಲ್ಲಿ 120 ವೋಲ್ಟಿನಲ್ಲಿ ಓಡುವ ಸಾಮಾನಿಗೆ ಅಷ್ಟೇ ಕೆಲಸಕ್ಕೆ ಆಂಪ್ ಜಾಸ್ತಿ ಬೇಕು. ನೀವು 200 ಆಂಪ್ ಅಂತ ಹುಡುಕಬೇಡಿ. ಬಣ್ಣವೂ ಬೇರೆ. ಇಲ್ಲಿ ಕಪ್ಪು ಅಂದರೆ ಫೇಸ್, ಬಿಳಿ ನ್ಯೂಟ್ರಲ್. ಊರಲ್ಲಿ ಕೆಂಪು, ಹಳದಿ, ನೀಲಿ ಫೇಸು, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಇದನ್ನು ಅದಲು ಬದಲು ಮಾಡಿದರೆ ಪ್ರಾಣಕ್ಕೇ ಕುತ್ತು.

ಎಲ್ಲಕ್ಕಿಂತ ದೊಡ್ಡದು ಇದು. ಇಲ್ಲಿನ ಮುಖ್ಯ ಪ್ಯಾನೆಲ್‌ನಲ್ಲಿ ನ್ಯೂಟ್ರಲ್ಲನ್ನೂ ಅರ್ತನ್ನೂ ಕಾನೂನಿನ ಪ್ರಕಾರವೇ ಒಟ್ಟಿಗೆ ಸೇರಿಸುತ್ತಾರೆ. ವೀಡಿಯೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಊರಿನ ಡಿಬಿಯಲ್ಲಿ ಹಾಗೆ ಸೇರಿಸಬಾರದು, ಅಲ್ವಾ ಟೆಸ್ಟರ್ ಸರ್?

ಟೆಸ್ಟರ್ · ಮಾರ್ಚ್ 25

ಸೇರಿಸಲೇಬಾರದು. ಕಂಬದಿಂದ ಬರುವ ನ್ಯೂಟ್ರಲ್ ಎಲ್ಲೋ ಕಡಿದುಹೋದರೆ, ಆಗ ಮನೆಯ ಅರ್ತಿಗೇ ಕರೆಂಟು ಬಂದು ಫ್ರಿಡ್ಜು, ಗ್ರೈಂಡರ್, ಗೀಸರ್ ಎಲ್ಲದರ ಮೈಗೂ ಹತ್ತುತ್ತದೆ. ಅರ್ತ್ ಇಲ್ಲದ ಮನೆಯಲ್ಲಿ ಪ್ಲಗ್ಗಿನ ಅರ್ತ್ ಪಿನ್ನಿಗೆ ನ್ಯೂಟ್ರಲ್ ಕೊಟ್ಟು "ಅರ್ತ್ ಮಾಡಿದ್ದೇನೆ" ಅನ್ನುವವರನ್ನೂ ನೋಡಿದ್ದೇನೆ. ಅಂಥ ಮನೆಯಲ್ಲಿ ನಾನು ನೀರೂ ಮುಟ್ಟುವುದಿಲ್ಲ. ನೀವು ಬರೆದಿದ್ದು ಒಳ್ಳೆಯದಾಯಿತು ಸರ್.

ಹೆಂಚಿನಮನೆ · ಏಪ್ರಿಲ್ 19

ಕೆಲಸ ಮುಗಿಯಿತು. ಆರು ದಿನ ಹಿಡಿಯಿತು. ನಾಳೆ ಯಾರಿಗಾದರೂ ಬೇಕಾಗಬಹುದು ಅಂತ ವಿವರ ಬರೆಯುತ್ತಿದ್ದೇನೆ.

ಲೋಡ್ 5 ಕಿಲೋವ್ಯಾಟ್ ಮಾಡಿಸಿದೆವು. ಮೀಟರಿನಿಂದ ಡಿಬಿಗೆ 10 ಚದರ ಮಿಲಿಮೀಟರ್ ತಾಮ್ರ. ಮರದ ಹಲಗೆ ತೆಗೆದು, ಅಟ್ಟದ ಕೆಳಗಿನಿಂದ ಜಾಗವನ್ನೇ ಬದಲಿಸಿ, ಬಾಗಿಲ ಪಕ್ಕದ ಗೋಡೆಗೆ 12 ವೇ ತಗಡಿನ ಡಿಬಿ. 8 ಸಾಕು ಅಂದುಕೊಂಡಿದ್ದೆ. ಕಂಟ್ರಾಕ್ಟರ್ ಬೇಡ ಅಂದರು. ಆರ್‌ಸಿಸಿಬಿಗಳೇ ಎರಡೆರಡು ಜಾಗ ತಿನ್ನುತ್ತವೆ, ಮುಂದೆ ಏನಾದರೂ ಸೇರಿಸಲು ಜಾಗ ಇರಲಿ ಅಂದರು. ಒಳಗೆ 32 ಆಂಪಿನ ಎರಡು ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಮೇನ್ ಎಂಸಿಬಿ. ಅದರ ಕೆಳಗೆ 40 ಆಂಪ್ ಹೊರುವ, 30 ಮಿಲಿಆಂಪ್ ಸೋರಿದರೆ ಬೀಳುವ ಆರ್‌ಸಿಸಿಬಿ ಎರಡು. ಒಂದರ ಕೆಳಗೆ ಅಡುಗೆಮನೆ, ಬಚ್ಚಲು, ಪಂಪು. ಇನ್ನೊಂದರ ಕೆಳಗೆ ದೀಪ, ಫ್ಯಾನು, ಟಿವಿ. ರಾತ್ರಿ ಬಚ್ಚಲ ಕಡೆ ಏನಾದರೂ ಆಗಿ ಟ್ರಿಪ್ ಆದರೆ ಮನೆಯೆಲ್ಲ ಕತ್ತಲೆ ಆಗಬಾರದಲ್ಲ. ವಯಸ್ಸಾದವರು ಇರುವ ಮನೆ.

ಗೀಸರಿಗೂ ಇಂಡಕ್ಷನ್ನಿಗೂ ಬೇರೆ ಬೇರೆ 4 ಚದರ ಮಿಲಿಮೀಟರ್ ವೈರು, ತಲಾ 16 ಆಂಪ್ ಎಂಸಿಬಿ. ಪಂಪಿಗೂ ಅಡುಗೆಮನೆ ಪ್ಲಗ್ಗುಗಳಿಗೂ 2.5. ಪಂಪು ಶುರುವಾಗುವಾಗ ಒಂದು ಕ್ಷಣ ಐದಾರು ಪಟ್ಟು ಎಳೆಯುತ್ತದಂತೆ, ಅದಕ್ಕೆ ಸಿ ಕರ್ವ್ ಎಂಸಿಬಿ. ವೈರು, ಎಂಸಿಬಿ ಎಲ್ಲದರ ಮೇಲೂ ಐಎಸ್‌ಐ ಗುರುತು ನಾನೇ ನೋಡಿ ತಂದೆ. ದೀಪದ ಲೈನು ಹಳೆಯದೇ ಉಳಿದಿದೆ, 6 ಆಂಪ್ ಎಂಸಿಬಿ ಹಾಕಿ. ವೈರಿನ ಹೊದಿಕೆ ಚೆನ್ನಾಗಿದೆಯಾ ಅಂತ ನೋಡುವ ಮೆಗ್ಗರ್ ಪರೀಕ್ಷೆಯಲ್ಲಿ ಮೂರು ಲೈನು ಒಂದು ಮೆಗಾಓಮ್‌ಗಿಂತ ಎಷ್ಟೋ ಮೇಲಿತ್ತು. ಮೆತ್ತಿನ (ಮಹಡಿಯ) ಒಂದು ಲೈನು ತೀರಾ ಕೆಳಗೆ. ಅದನ್ನು ಕಿತ್ತು ಹೊಸದು ಎಳೆದರು.

ಅರ್ತಿಗೆ ಎರಡು ಗುಂಡಿ. ಬಾಳೆಗಿಡದ ಬುಡದಲ್ಲಿ ಬಚ್ಚಲ ನೀರು ಹರಿಯುವ ಕಡೆ. ಎರಡೂವರೆ ಮೀಟರ್ ಪೈಪು ಇಳಿಸಲು ಇಬ್ಬರು ಎರಡು ದಿನ ಜಂಬಿಟ್ಟಿಗೆ ಕಡಿದರು. ಈಗ 6 ಓಮ್. ಎಲ್ಲ ಸೇರಿ 58,000 ರೂಪಾಯಿ ಆಯಿತು. ಅದರಲ್ಲಿ ಡಬ್ಬಿಯ ಖರ್ಚು ತುಂಬಾ ಕಡಿಮೆ. ದುಡ್ಡೆಲ್ಲ ಹೋಗಿದ್ದು ವೈರಿಗೆ, ಗುಂಡಿಗೆ, ಕೂಲಿಗೆ.

ಈಗ ಒಂದು ಸಮಸ್ಯೆ. ದೇವರ ಕೋಣೆಯ ದೀಪ ಹಾಕಿದರೆ ಆರ್‌ಸಿಸಿಬಿ ಬೀಳುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟೇ! ಬಲ್ಬು ಬದಲಿಸಿದೆ, ಹೋಲ್ಡರ್ ಬದಲಿಸಿದೆ. ಕೆಲವು ಸಲ ಒಂದು ಬೀಳುತ್ತದೆ, ಕೆಲವು ಸಲ ಎರಡೂ. ಅಮ್ಮ ಸಂಜೆ ದೇವರ ಮುಂದೆ ಎಣ್ಣೆ ದೀಪ ಒಂದನ್ನೇ ಹಚ್ಚಿ ಕೂರುತ್ತಿದ್ದಾರೆ.

ಟೆಸ್ಟರ್ · ಏಪ್ರಿಲ್ 19

ಎರಡೂ ಬೀಳುತ್ತದೆ ಅಂದಿರಲ್ಲ, ಅಲ್ಲೇ ಉತ್ತರ ಇದೆ. ಆ ಬಲ್ಬಿಗೆ ಫೇಸು ದೀಪದ ಲೈನಿನಿಂದ ಬರುತ್ತಿದೆ, ನ್ಯೂಟ್ರಲ್ ಅಡುಗೆಮನೆ ಲೈನಿನಿಂದ. 9 ವ್ಯಾಟಿಗೆ 39 ಮಿಲಿಆಂಪ್. ಒಂದು ಆರ್‌ಸಿಸಿಬಿಗೆ 39 ಹೋಯಿತು, ವಾಪಸ್ ಬರಲಿಲ್ಲ. ಇನ್ನೊಂದಕ್ಕೆ ಹೋಗದೇ ಇರುವ 39 ವಾಪಸ್ ಬಂತು. ಯಾವುದು ಮೊದಲು ಬೀಳುತ್ತದೋ ಅದು. ದೇವರ ಕೋಣೆ ಅಡುಗೆಮನೆಗೆ ಅಂಟಿಕೊಂಡಿದೆಯಾ? ದೀಪ ಆಮೇಲೆ ಹಾಕಿಸಿದ್ದಾ?

ಹೆಂಚಿನಮನೆ · ಏಪ್ರಿಲ್ 21

ಸರ್, ನೀವು ಕಣ್ಣಾರೆ ನೋಡಿದ ಹಾಗೆ ಹೇಳಿದಿರಿ. ದೇವರ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ. ನನ್ನ ಅಕ್ಕನ ಮದುವೆ ಸಮಯದಲ್ಲಿ ಆ ದೀಪ ಹಾಕಿಸಿದ್ದು ಅಂತ ಅಪ್ಪಯ್ಯ ನೆನಪು ಮಾಡಿಕೊಂಡರು. ಗೋಡೆಯಲ್ಲಿ ತೂತು ಮಾಡಿ ಮಿಕ್ಸಿ ಪ್ಲಗ್ಗಿನ ನ್ಯೂಟ್ರಲ್ ಎಳೆದುಕೊಂಡಿದ್ದಾರೆ. ಹೊಸ ವೈರು ಎಳೆಯುವಾಗ ಆ ಕವಲನ್ನು ಹಾಗೇ ಸೇರಿಸಿಬಿಟ್ಟಿದ್ದರು. ನಿನ್ನೆ ದೀಪದ ಲೈನಿನ ನ್ಯೂಟ್ರಲ್ಲಿಗೇ ಸೇರಿಸಿದರು. ಈಗ ಸರಿ ಇದೆ. ಅಮ್ಮ ನಿಮ್ಮ ಹೆಸರು ಕೇಳಿದರು, ಟೆಸ್ಟರ್ ಅಂದೆ.

ಟೆಸ್ಟರ್ · ಏಪ್ರಿಲ್ 21

ಅಮ್ಮಾವರಿಗೆ ನನ್ನ ನಮಸ್ಕಾರ ಹೇಳಿ. ಆರ್‌ಸಿಸಿಬಿ ಮೇಲೆ ಟಿ ಅಂತ ಬರೆದ ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೆ ಒಮ್ಮೆ ಅದನ್ನು ಒತ್ತಿ ನೋಡಬೇಕು. ಒತ್ತಿದ ಕೂಡಲೇ ಬಿದ್ದರೆ ಸರಿ. ಬೀಳದಿದ್ದರೆ ಅವತ್ತೇ ಬದಲಿಸಬೇಕು. ಸಂಕಷ್ಟಿ ದಿನ ಅಂತ ಇಟ್ಟುಕೊಂಡರೆ ಮರೆತುಹೋಗುವುದಿಲ್ಲ. ಮಳೆಗಾಲಕ್ಕೆ ಮೊದಲು ಡಿಬಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ನಿಮ್ಮ ಕಡೆ ಸಿಡಿಲು ಜಾಸ್ತಿ. ಅರ್ತ್ ಸರಿಯಾಗಿದೆಯಲ್ಲ, ಈಗ ಅದು ಕೆಲಸ ಮಾಡುತ್ತದೆ.

ಹೆಂಚಿನಮನೆ · ಜೂನ್ 20

ಎರಡು ತಿಂಗಳ ಮೇಲೆ ಮತ್ತೆ ಬರೆಯುತ್ತಿದ್ದೇನೆ. ಮೊನ್ನೆ ರಾತ್ರಿ ಜೋರು ಮಳೆ. ಎಂಟೂವರೆಗೆ ಅಪ್ಪಯ್ಯನ ಫೋನ್. ಬಚ್ಚಲು, ಅಡುಗೆಮನೆ ಕಡೆ ಕರೆಂಟಿಲ್ಲ, ಜಗಲಿಯಲ್ಲಿ ಇದೆ. ಮೊದಲನೇ ಆರ್‌ಸಿಸಿಬಿ ಬಿದ್ದಿದೆ, ಎತ್ತಿದರೆ ನಿಲ್ಲುತ್ತಿಲ್ಲ.

ಫೋನಿನಲ್ಲೇ ಹೇಳಿದೆ. ಅದರ ಕೆಳಗಿನ ಎಂಸಿಬಿ ಎಲ್ಲ ಇಳಿಸಿ, ಆರ್‌ಸಿಸಿಬಿ ಎತ್ತಿ. ನಿಂತಿತು. ಈಗ ಒಂದೊಂದೇ ಎಂಸಿಬಿ ಎತ್ತಿ. ಡಿಬಿಯ ಮೇಲೆ ಅಮ್ಮ ಕೈಬರಹದಲ್ಲಿ ಚೀಟಿ ಅಂಟಿಸಿದ್ದಾರೆ, ಅಪ್ಪಯ್ಯ ಓದುತ್ತಾ ಹೋದರು. ಅಡುಗೆಮನೆ, ನಿಂತಿತು. ಇಂಡಕ್ಷನ್, ನಿಂತಿತು. ಬಚ್ಚಲು, ನಿಂತಿತು. ಬಾವಿ ಅಂದಕೂಡಲೇ ಟಪ್ ಅಂತ ಬಿದ್ದ ಶಬ್ದ ನನಗೂ ಕೇಳಿಸಿತು. ಬಾವಿಯದ್ದು ಇಳಿಸಿಯೇ ಇಡಿ, ಬೆಳಿಗ್ಗೆ ಆ ಕಡೆ ಹೋಗಬೇಡಿ ಅಂದೆ.

ಟೆಸ್ಟರ್ · ಜೂನ್ 20

ಸರಿಯಾಗಿ ಹುಡುಕಿದಿರಿ. ಎಲ್ಲ ಎಂಸಿಬಿ ಇಳಿಸಿದ ಮೇಲೂ ಆರ್‌ಸಿಸಿಬಿ ನಿಲ್ಲದಿದ್ದರೆ ಎಲ್ಲೋ ನ್ಯೂಟ್ರಲ್ ಅರ್ತಿಗೆ ತಾಗಿದೆ ಅಂತ ಅರ್ಥ. ಒಂದು ಪೋಲಿನ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ. ನಿಮ್ಮದು ಹಾಗಲ್ಲ. ಸ್ಟಾರ್ಟರ್ ಡಬ್ಬಿ ಅಥವಾ ಕೇಬಲ್ ಜಾಯಿಂಟು ನೋಡಿಸಿ. ಅಪ್ಪಾವರು ಪಂಪು ಹಾಕಲು ಬರಿಗಾಲಲ್ಲಿ ಹೋಗುತ್ತಾರಾ?

ಹೆಂಚಿನಮನೆ · ಜೂನ್ 22

ಹೌದು ಸರ್, ಯಾವಾಗಲೂ ಬರಿಗಾಲು. ಒದ್ದೆ ಹುಲ್ಲಿನ ಮೇಲೆ ನಿಂತೇ ಸ್ಟಾರ್ಟರ್ ಒತ್ತುವುದು.

ನಿನ್ನೆ ಊರಿಗೆ ಬಂದೆ, ಕಂಟ್ರಾಕ್ಟರೂ ಬಂದರು. ಪಂಪಿನ ಲೈನಿಗೆ ಡಿಬಿಯಿಂದ ಹೊರಗಿನ ಗೋಡೆಯ ತನಕ ಹೊಸ ವೈರು ಹಾಕಿದ್ದೆವು. ಅಲ್ಲಿಂದ ಬಾವಿಯವರೆಗೆ ಹಳೆ ಕೇಬಲ್ಲೇ ಇರಲಿ ಅಂತ ಬಿಟ್ಟಿದ್ದೆವು. ಸ್ಟಾರ್ಟರ್ ಡಬ್ಬಿಯ ಕೆಳಗೆ, ಕಬ್ಬಿಣದ ಸ್ಟ್ಯಾಂಡಿಗೆ ಒತ್ತಿಕೊಂಡ ಹಾಗೆ ಒಂದು ಹಳೆ ಜಾಯಿಂಟು. ಕಪ್ಪು ಟೇಪು ಐದಾರು ಸುತ್ತು, ಹೊರಗಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತಿತ್ತು. ಈಗ ಇಡೀ ಕೇಬಲ್ ಬದಲಿಸಿ, ಜಾಯಿಂಟೇ ಇಲ್ಲದ ಹಾಗೆ ಒಂದೇ ಉದ್ದ ಎಳೆದಿದ್ದೇವೆ. ಸ್ಟಾರ್ಟರ್ ಡಬ್ಬಿಯನ್ನು ಎದೆಮಟ್ಟಕ್ಕೆ ಏರಿಸಿ ಮೇಲೆ ತಗಡಿನ ಮಾಡು ಹಾಕಿಸಿದೆ. ದೀಪದ ಹಳೆ ಲೈನು ಈ ದೀಪಾವಳಿಯೊಳಗೆ.

ತೆಗೆದ ಜಾಯಿಂಟನ್ನು ಕಂಟ್ರಾಕ್ಟರ್ ಜಗಲಿ ಮೇಲೆ ಅಪ್ಪಯ್ಯನ ಎದುರಿಗೇ ಬಿಚ್ಚಿದರು. ಟೇಪಿನ ಕೊನೆ ಸುತ್ತು ಬಿಚ್ಚಿದಾಗ ಒಳಗಿನಿಂದ ಅರ್ಧ ಚಮಚದಷ್ಟು ನೀರು ಬಂತು. ಅಪ್ಪಯ್ಯ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಹೋಗಿ, ಬಾವಿ ದಾರಿಗೆ ಅಂತಲೇ ಒಂದು ಜೊತೆ ರಬ್ಬರ್ ಚಪ್ಪಲಿ ಹಿಂಬಾಗಿಲ ಹತ್ತಿರ ತಂದಿಟ್ಟರು.